ಪದಚರ್ಚೆ: ರೆಗ್ಯುಲೇಷನ್, ಕಾಯಿದೆ, ಅಂಚೆ, ಟಪಾಲು – ಬ್ರಿಟಿಷರ ಕಾಲದ ಆಜ್ಞೆಗಳನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಮಾನ್ಯರೇ,

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಸೀಮೆಗಳ ಪತ್ರಸಾಗಣೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಕುರಿತ ಬರಹವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ಸರ್ಕಾರದ ಆಜ್ಞೆಗಳಿಗೆ ಹಲವು ಬಗೆಯ ಹೆಸರುಗಳಿವೆ. ಎಲ್ಲಕ್ಕೂ 'ಕಾಯಿದೆ' ಎಂದೋ 'ಆದೇಶ' ಎಂದೋ ಬರೆದುಬಿಟ್ಟರೆ ಓದು ಸಲೀಸಾಗುತ್ತದೆ. ಆದರೆ ಯಾವ ಆಜ್ಞೆಯನ್ನು ಯಾರು, ಯಾವ ಅಧಿಕಾರದಿಂದ, ಯಾವ ಸೀಮೆಗೆ ಹೊರಡಿಸಿದರು ಎಂಬ ವಿವರ ಅಲ್ಲಿಗೇ ಅಳಿಸಿಹೋಗುತ್ತದೆ. ಈ ವಿಷಯದಲ್ಲಿ ನನಗೆ ತೋಚಿದ್ದನ್ನು ಮುಂದಿಟ್ಟು ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ಸುಲಭವಾದುದನ್ನು ಮೊದಲು ಮುಗಿಸುತ್ತೇನೆ. ಸರ್ಕಾರ ಹೊರಡಿಸಿದ ಶಾಸನವನ್ನು ಇಂಗ್ಲಿಷಿನಲ್ಲಿ 'ಡಿಕ್ರಿ' ಎಂದಿದ್ದರೂ ಕನ್ನಡದಲ್ಲಿ ಆ ಪದವನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಡಿಕ್ರಿ ಎಂದರೆ ಸಿವಿಲ್ ಕೋರ್ಟಿನ ತೀರ್ಪಿನಂತೆ ಹೊರಡುವ ಆಜ್ಞೆ. ಡಿಕ್ರಿದಾರ, ಡಿಕ್ರಿ ಜಾರಿ ಎಂಬ ಮಾತುಗಳು ಹಳ್ಳಿಯ ವ್ಯಾಜ್ಯಗಾರರಿಗೂ ಗೊತ್ತು. 'ಸುಗ್ರೀವಾಜ್ಞೆ'ಯೂ ಇಲ್ಲಿಗೆ ಒಗ್ಗುವುದಿಲ್ಲ. ಗಡುವಿನೊಳಗೆ ಬಂದು ಸೇರದ ವಾನರರಿಗೆ ಮರಣದಂಡನೆ ಎಂದು ಸುಗ್ರೀವ ಹೊರಡಿಸಿದ ಅಪ್ಪಣೆಯಿಂದ ಬಂದ ಈ ಸೊಗಸಾದ ಪದ, ಶಾಸನಸಭೆಯನ್ನು ದಾಟಿ ತುರ್ತಿನಲ್ಲಿ ಹೊರಡಿಸುವ ಅಲ್ಪಾವಧಿಯ ಆಜ್ಞೆಗೆ ಈಗ ಮೀಸಲಾಗಿದೆ. ಗವರ್ನರ್ ಜನರಲ್‌ಗೆ ಅಂಥ ಅಧಿಕಾರ, ಅದೂ ಆರು ತಿಂಗಳ ಮಿತಿಯೊಡನೆ, ದೊರೆತದ್ದು 1861ರ ಇಂಡಿಯನ್ ಕೌನ್ಸಿಲ್ಸ್ ಆಕ್ಟಿನಿಂದ. ಅದಕ್ಕಿಂತ ಹಿಂದಿನ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಆಜ್ಞೆಯನ್ನು ಸುಗ್ರೀವಾಜ್ಞೆ ಎನ್ನುವುದು ಕಾಲದೋಷವಾಗುತ್ತದೆ.

ನಿಜವಾದ ತೊಡಕಿರುವುದು 'ರೆಗ್ಯುಲೇಷನ್' ಎಂಬ ಪದದಲ್ಲಿ. ಕನ್ನಡ ಸೀಮೆಗಳ ಮಟ್ಟಿಗೇ ಇದಕ್ಕೆ ಮೂರು ಬೇರೆ ಬೇರೆ ಅರ್ಥಗಳಿವೆ. ಮೊದಲನೆಯದು ಕಂಪನಿಯ ಪ್ರೆಸಿಡೆನ್ಸಿ (ದೊಡ್ಡ ಪ್ರಾಂತ) ಸರ್ಕಾರಗಳು ತಾವೇ ಮಾಡಿಕೊಂಡ ಕಾನೂನು: ಮದರಾಸಿನಲ್ಲಿ 1802ರಿಂದ ಹೊರಟವು, ಮುಂಬಯಿಯಲ್ಲಿ 1827ರಲ್ಲಿ ಗವರ್ನರ್ ಎಲ್ಫಿನ್‌ಸ್ಟನ್ ಕಾಲದಲ್ಲಿ ಕ್ರೋಡೀಕರಣಗೊಂಡವು. 1833ರ ಚಾರ್ಟರ್ ಆಕ್ಟು ಮದರಾಸು ಮತ್ತು ಮುಂಬಯಿ ಸರ್ಕಾರಗಳ ಈ ಅಧಿಕಾರವನ್ನು ಕಿತ್ತುಕೊಂಡು, ಕಾನೂನು ಮಾಡುವ ಹಕ್ಕನ್ನು ಕಲ್ಕತ್ತೆಯ ಗವರ್ನರ್ ಜನರಲ್ ಇನ್ ಕೌನ್ಸಿಲ್ (ಸಲಹಾ ಮಂಡಳಿ ಸಹಿತ ಗವರ್ನರ್ ಜನರಲ್) ಕೈಯಲ್ಲಷ್ಟೇ ಇರಿಸಿತು. ಅಲ್ಲಿಂದ ಮುಂದೆ ಬಂದವು 'ಆಕ್ಟು'ಗಳು. ಎರಡನೆಯದು ಮೈಸೂರಿನದು. 1881ರ ಮಾರ್ಚ್ 25ರಂದು ರಾಜ್ಯ ಮರಳಿ ಒಡೆಯರ ಕೈಸೇರಿದ ಮೇಲೆ ಮಹಾರಾಜರ ಸರ್ಕಾರ ಮಾಡಿದ ಕಾನೂನುಗಳೂ ಬಹುಕಾಲ ರೆಗ್ಯುಲೇಷನ್ ಎಂಬ ಹೆಸರಿನಲ್ಲಿಯೇ ಬಂದವು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ 1894ರ ಬಾಲ್ಯವಿವಾಹ ನಿರ್ಬಂಧ ಅಂಥದೊಂದು. ಮೂರನೆಯದು ಕೊಡಗಿನದು. ಕೊಡಗಿಗಾಗಿ 1899ರಲ್ಲಿ ಬಂದ ಭೂಕಂದಾಯ ರೆಗ್ಯುಲೇಷನ್ನಿನಂಥವು ಶಾಸನಸಭೆಯ ಮುಂದೆ ಚರ್ಚೆಗೆ ಬಾರದೆ, 1870ರ ಪಾರ್ಲಿಮೆಂಟಿನ ಶಾಸನವೊಂದು ಕೊಟ್ಟ ವಿಶೇಷಾಧಿಕಾರದಿಂದ ಹೊರಟವು.

ಈಗಿನ ಆಡಳಿತ ಕನ್ನಡದಲ್ಲಿ ಆಕ್ಟಿಗೆ 'ಅಧಿನಿಯಮ', ರೂಲಿಗೆ 'ನಿಯಮ', ರೆಗ್ಯುಲೇಷನ್ನಿಗೆ 'ವಿನಿಯಮ' ಎಂಬ ಏರ್ಪಾಡಿದೆ. ಇದರಲ್ಲಿ ವಿನಿಯಮ ಎಂದರೆ ಅಧಿನಿಯಮವೊಂದರ ಕೆಳಗೆ ಯಾವುದೋ ಮಂಡಳಿಯೋ ವಿಶ್ವವಿದ್ಯಾಲಯವೋ ಮಾಡಿಕೊಳ್ಳುವ ಕಟ್ಟಳೆ. ಅದು ಕೆಳಗಿನ ಮೆಟ್ಟಿಲು. ಮೇಲೆ ಹೇಳಿದ ಮೂರೂ ಪೂರ್ಣ ಪ್ರಮಾಣದ ಕಾನೂನುಗಳಾಗಿದ್ದು, ಯಾವುದೂ ಇನ್ನೊಂದು ಆಕ್ಟಿನ ಕೆಳಗಿನ ಉಪನಿಯಮವಾಗಿರಲಿಲ್ಲ. ಆದ್ದರಿಂದ ಅವನ್ನು ವಿನಿಯಮ ಎಂದು ಬರೆದರೆ ಪದಕೋಶದ ಪ್ರಕಾರ ಸರಿ, ಚರಿತ್ರೆಯ ಪ್ರಕಾರ ತಪ್ಪು. 'ಕಂಪನಿ ರೆಗ್ಯುಲೇಷನ್', 'ಮೈಸೂರು ರೆಗ್ಯುಲೇಷನ್', 'ಕೊಡಗು ರೆಗ್ಯುಲೇಷನ್' ಎಂದು ಸೀಮೆಯ ಹೆಸರನ್ನು ಸೇರಿಸಿ ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಮನಸ್ಸು ಹೇಳುತ್ತದೆ. ಆಕ್ಟಿಗೆ ಮಾತ್ರ 'ಕಾಯಿದೆ' ಇರಲಿ. ಅರಬ್ಬಿಯಿಂದ ಬಂದ ಈ ಪದ ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಒಂದೇ ಸಮನಾಗಿ ನೆಲೆಯೂರಿದೆ. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರುಗಳ ಸಂದರ್ಭದಲ್ಲಿ 'ಫರ್ಮಾನು' ಎನ್ನುವುದಕ್ಕೆ ಯಾರ ತಕರಾರೂ ಇರಲಾರದು.

ಇನ್ನು 'ಸ್ಥಳೀಯ ಕಾನೂನು'. ಮೂಲದಲ್ಲಿ ಈ ಅರ್ಥದ ಮಾತು ಪದೇ ಪದೇ ಬರುತ್ತದೆ. ಕನ್ನಡದ ಓದುಗರಿಗೆ 'ಸ್ಥಳೀಯ' ಎಂದೊಡನೆ ಊರು, ಪಂಚಾಯಿತಿ, ಅಲ್ಲಿನ ರೂಢಿ ಇವು ನೆನಪಾಗುತ್ತವೆ. ಆ ಕಾಲದ ಆಡಳಿತಗಾರರಿಗೆ 'ಲೋಕಲ್' ಎಂದರೆ ಹೆಚ್ಚಾಗಿ ಪ್ರಾಂತದ ಸರ್ಕಾರ. ಊರಿನ ರೂಢಿಗೆ ಅವರು ಬಳಸುತ್ತಿದ್ದದ್ದು ನಮ್ಮದೇ 'ಮಾಮೂಲು' ಎಂಬ ಪದವನ್ನು. ಹಾಗಾಗಿ ಮೊದಲನೆಯದಕ್ಕೆ 'ಪ್ರಾಂತೀಯ ಕಾನೂನು', ಎರಡನೆಯದಕ್ಕೆ 'ಮಾಮೂಲು' ಅಥವಾ 'ವಾಡಿಕೆ' ಎಂದು ಬೇರ್ಪಡಿಸಬಹುದು. ಪತ್ರಸಾಗಣೆಯ ಚರಿತ್ರೆಗೆ ಈ ಭೇದ ಮುಖ್ಯವಾಗಲು ಕಾರಣವಿದೆ. 1861ರ ಅದೇ ಆಕ್ಟು ಮದರಾಸು, ಮುಂಬಯಿ ಸರ್ಕಾರಗಳಿಗೆ ಕಾನೂನು ಮಾಡುವ ಅಧಿಕಾರವನ್ನು ಮರಳಿಸಿತಾದರೂ, ಗವರ್ನರ್ ಜನರಲ್‌ರ ಮುನ್‌ಮಂಜೂರಾತಿಯಿಲ್ಲದೆ ಕೈಹಾಕಕೂಡದ ವಿಷಯಗಳನ್ನು ಅದರ 43ನೆಯ ಕಲಮು ಹೆಸರಿಸಿತು. ನಾಣ್ಯ, ಸಾರ್ವಜನಿಕ ಸಾಲಗಳ ಜೊತೆಗೆ ಪತ್ರಗಳ ಸಾಗಣೆಯೂ ತಂತಿ ಸಂದೇಶಗಳೂ ಆ ಪಟ್ಟಿಯಲ್ಲಿದ್ದವು. ಧಾರವಾಡಕ್ಕೆ ಮುಂಬಯಿ ಕೌನ್ಸಿಲು ಬೇರೆ ಎಷ್ಟೋ ಕಾನೂನುಗಳನ್ನು ಮಾಡಬಹುದಿತ್ತು. ಕಾಗದದ ಲಕೋಟೆಯ ವಿಷಯದಲ್ಲಿ ಮಾತ್ರ ಕಲ್ಕತ್ತೆಯ ಒಪ್ಪಿಗೆ ಬೇಕಿತ್ತು. ಇದನ್ನು 'ಸ್ಥಳೀಯ ಕಾನೂನುಗಳು ಅಂಚೆಗೆ ಅನ್ವಯಿಸುತ್ತಿರಲಿಲ್ಲ' ಎಂದು ಅನುವಾದಿಸಿದರೆ ಓದುಗರಿಗೆ ಏನೇನೂ ತಿಳಿಯುವುದಿಲ್ಲ.

ಮುಂದಿನ ತೊಡಕು, ಪತ್ರ ಸಾಗಿಸುವ ಸರ್ಕಾರದ ಹಕ್ಕನ್ನು ಏನೆಂದು ಕರೆಯಬೇಕೆಂಬುದು. 1837ರ 17ನೆಯ ಆಕ್ಟು ಕಂಪನಿಯ ಸೀಮೆಯೊಳಗೆ ಹಣ ಪಡೆದು ಪತ್ರ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಸೇರಿದ್ದೆಂದು ಸಾರಿತು. 1854ರ ಆಕ್ಟು ದೂರದ ಲೆಕ್ಕವನ್ನು ಬಿಟ್ಟು ತೂಕದ ಲೆಕ್ಕ ಹಿಡಿಯಿತು: ಕಾಲು ತೊಲದವರೆಗಿನ ಪತ್ರಕ್ಕೆ ಅರ್ಧಾಣೆ, ಊರು ಎಷ್ಟು ದೂರವಿದ್ದರೂ ಅಷ್ಟೇ. 1898ರ 6ನೆಯ ಆಕ್ಟಿನಲ್ಲಿ ಸರ್ಕಾರದ ಈ ಹಕ್ಕು ಇನ್ನಷ್ಟು ಬಿಗಿಯಾದ ಮಾತುಗಳಲ್ಲಿ ಬಂತು. 2023ರ ಹೊಸ ಕಾಯಿದೆಯಲ್ಲಿ ಅದು ಇಲ್ಲವಾಗಿದೆ. ಈ ಹಕ್ಕಿಗೆ 'ಏಕಸ್ವಾಮ್ಯ' ಎಂದು ಬರೆಯುವವರಿದ್ದಾರೆ. ಅದು ವ್ಯಾಪಾರದ ಪದ. ಪೈಪೋಟಿಯಲ್ಲಿ ಉಳಿದವರನ್ನು ಹಿಂದಿಕ್ಕಿ ಗಳಿಸಿಕೊಂಡದ್ದೂ ಏಕಸ್ವಾಮ್ಯವೇ. 'ಇಜಾರೆ' (ಗುತ್ತಿಗೆ) ಸರ್ಕಾರ ಇನ್ನೊಬ್ಬರಿಗೆ ಕೊಡುವಂಥದು. ಕಾನೂನು ಕನ್ನಡದ 'ಅನನ್ಯ ಹಕ್ಕು' ಅರ್ಥಕ್ಕೆ ಹತ್ತಿರವಿದ್ದರೂ ಕಿವಿಗೆ ಭಕ್ತಿಗೀತೆಯಂತೆ ಕೇಳುತ್ತದೆ. 'ಸರ್ಕಾರಕ್ಕೆ ಮಾತ್ರ ಮೀಸಲಾದ ಹಕ್ಕು' ಎಂದು ಬಿಡಿಸಿ ಬರೆಯುವುದೇ ವಾಸಿ.

ಅದೇ 1898ರ ಆಕ್ಟಿನ 4ನೆಯ ಕಲಮಿನಲ್ಲಿದ್ದ ವಿನಾಯಿತಿಗಳನ್ನು ಗಮನಿಸಿ. ಪಯಣ ಹೊರಟ ಸ್ನೇಹಿತನು ಕೂಲಿ, ಇನಾಮು ಅಥವಾ ಬೇರೆ ಯಾವ ಲಾಭವನ್ನೂ ಪಡೆಯದೆ ಒಯ್ದು ಮುಟ್ಟಿಸುವ ಪತ್ರ. ಕಳುಹಿಸುವವರ ಅಥವಾ ಪಡೆಯುವವರ ಸ್ವಂತ ವ್ಯವಹಾರಕ್ಕಷ್ಟೇ ಸಂಬಂಧಿಸಿದ್ದು, ಅದಕ್ಕೆಂದೇ ಆಳನ್ನು ಕಳುಹಿಸಿದ ಪತ್ರ. ಸರಕಿನ ಜೊತೆಗೆ ಆ ಸರಕಿನ ವಿಚಾರವಾಗಿಯೇ ಹೋಗುವ ಪತ್ರ – ಈ ಮೂರಕ್ಕೆ ತಡೆಯಿರಲಿಲ್ಲ. ಮೊದಲನೆಯದಕ್ಕೆ ಕನ್ನಡದಲ್ಲಿ 'ಹೋಗುವವರ ಕೈಲಿ ಕೊಟ್ಟು ಕಳಿಸಿದ ಕಾಗದ' ಎಂಬ ಮಾತು ಸಿದ್ಧವಾಗಿಯೇ ಇದೆ. ಎರಡನೆಯದನ್ನು 'ಆಳಿನ ಕೈಲಿ' ಅಥವಾ 'ಜವಾನನ ಕೈಲಿ' ಎನ್ನಬಹುದು. 'ಕೂಲಿ' ಎಂಬಲ್ಲಿ 'ಬಾಡಿಗೆ' ಎಂದು ಹಾಕುವುದು ನನಗೆ ಸರಿಕಾಣುವುದಿಲ್ಲ. ಬಾಡಿಗೆ ಗಾಡಿಗೆ, ಕೂಲಿ ಮನುಷ್ಯನ ನಡಿಗೆಗೆ.

ಕೊನೆಯದಾಗಿ 'ಅಂಚೆ' ಮತ್ತು 'ಟಪಾಲು'. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರು ಸೀಮೆಯುದ್ದಕ್ಕೂ ವ್ಯವಸ್ಥಿತಗೊಂಡ ಅಂಚೆ, ಕಾಗದ ಸಾಗಿಸುವುದರ ಜೊತೆಗೆ ಆಯಾ ಸೀಮೆಯ ಗುಟ್ಟಿನ ಸುದ್ದಿಯನ್ನು ದೊರೆಗೆ ಮುಟ್ಟಿಸುವ ಏರ್ಪಾಡೂ ಆಗಿತ್ತೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಹೇಳುತ್ತಾನೆ. ಅದು ಬ್ರಿಟಿಷರ ಪೋಸ್ಟ್ ಆಫೀಸಿನಿಂದ ಬೇರೆಯಾಗಿಯೇ ನಡೆದು 1889ರಲ್ಲಿ ಅದರೊಳಗೆ ಸೇರಿಹೋಯಿತು. ಈಗ ಇಡೀ ಭಾರತೀಯ ಇಲಾಖೆಗೇ ಕನ್ನಡದಲ್ಲಿ 'ಅಂಚೆ' ಎಂಬ ಹೆಸರಿರುವುದರಿಂದ, ಆ ವಿಲೀನವನ್ನು ವರ್ಣಿಸುವ ವಾಕ್ಯ ನನ್ನ ಮೊದಲ ಕರಡಿನಲ್ಲಿ 'ಅಂಚೆಯು 1889ರಲ್ಲಿ ಅಂಚೆಯೊಂದಿಗೆ ವಿಲೀನವಾಯಿತು' ಎಂದು ಬಂದಿತ್ತು! ಧಾರವಾಡದ ಕಡೆ ಮರಾಠಿಯಲ್ಲಿಯೂ ಇರುವ 'ಟಪಾಲು' ರೂಢಿಯಲ್ಲಿತ್ತು. ಮದರಾಸಿನ ಆಡಳಿತವೂ ಅದನ್ನೇ ಬಳಸುತ್ತಿತ್ತು. ಮೈಸೂರು ಕಡೆಯ ಸರ್ಕಾರಿ ಕಚೇರಿಗಳಲ್ಲಿಯೂ ಆವಕ–ಜಾವಕದ ಮೇಜಿನ ಮೇಲೆ ಬಂದು ಬೀಳುವ ಕಾಗದಗಳಿಗೆ ಇಂದಿಗೂ ಟಪಾಲು ಎಂದೇ ಹೆಸರು. ಆದಕಾರಣ 1889ಕ್ಕೆ ಹಿಂದಿನ ಸಂದರ್ಭದಲ್ಲಿ ಮೈಸೂರು ಅರಸರದ್ದಕ್ಕೆ 'ಅಂಚೆ', ಬ್ರಿಟಿಷರದ್ದಕ್ಕೆ 'ಟಪಾಲು' ಎಂದು ಕಟ್ಟುನಿಟ್ಟಾಗಿ ಬಳಸಿ, ಅನಂತರದ್ದಕ್ಕೆ ಎಲ್ಲ ಕಡೆಯೂ 'ಅಂಚೆ' ಎಂದು ಬರೆಯಲು ಯೋಚಿಸಿದ್ದೇನೆ.

ಅಂಚೆ ಎಂಬ ಪದದ ಹುಟ್ಟಿನ ಬಗ್ಗೆಯೂ ಒಂದು ಮಾತು. ಹಂಸದ ತದ್ಭವ 'ಅಂಚೆ'. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದು ಹಂಸ. ಆದ್ದರಿಂದ ಪತ್ರ ಒಯ್ಯುವುದೂ ಅಂಚೆ ಎಂಬ ವಿವರಣೆ ಬಹಳ ಜನಪ್ರಿಯವಾಗಿದೆ. ಕೇಳಲು ಚೆನ್ನಾಗಿದೆ, ಆದರೆ ನಂಬುವುದು ಕಷ್ಟ. ತಮಿಳಿನಲ್ಲಿ ಹಂಸಕ್ಕೆ 'ಅನ್ನಮ್' ಎಂದೂ ಟಪಾಲಿಗೆ 'ಅಂಜಲ್' ಎಂದೂ ಹೇಳುತ್ತಾರೆ, ಎರಡಕ್ಕೂ ನಂಟು ಕಾಣುವುದಿಲ್ಲ. ತೆಲುಗಿನ 'ಅಂಚೆಲಂಚೆಲುಗಾ' ಎಂದರೆ ಹಂತಹಂತವಾಗಿ ಎಂದರ್ಥ. ಒಬ್ಬ ಓಡಿ ಬಂದು ಮುಂದಿನ ಠಾಣೆಯಲ್ಲಿ ಇನ್ನೊಬ್ಬನಿಗೆ ಚೀಲ ದಾಟಿಸುವ ಪದ್ಧತಿಯಿಂದಲೇ, 'ಹಂತ' ಎಂಬ ಅರ್ಥದ ದ್ರಾವಿಡ ಪದವೊಂದು ಇಡೀ ವ್ಯವಸ್ಥೆಗೆ ಹೆಸರಾಯಿತೆಂದು ತಿಳಿಯುವುದು ಹೆಚ್ಚು ಸಮಂಜಸ.

ಬಲ್ಲವರಲ್ಲಿ ಎರಡು ಪ್ರಶ್ನೆಗಳು. ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ಹಿರಿಯರ ಮಾತಿನಲ್ಲಿ ಅಂಚೆ, ಟಪಾಲು, ತಪಾಲು ಇವುಗಳಲ್ಲಿ ಯಾವುದು ಕೇಳಿಬರುತ್ತಿತ್ತು? ಚೀಟಿ ಹಚ್ಚದೆ ಕಳುಹಿಸಿ, ಪಡೆಯುವವರು ದುಪ್ಪಟ್ಟು ತೆರಬೇಕಾಗುತ್ತಿದ್ದ ಕಾಗದಕ್ಕೆ 'ಬೇರಿಂಗ್', 'ನಾಟ್‌ಪೇಡ್' ಎಂಬೆರಡನ್ನು ಬಿಟ್ಟು ನಿಮ್ಮ ಕಡೆ ಬೇರೆ ಪದವೇನಾದರೂ ಬಳಕೆಯಲ್ಲಿತ್ತೆ?