ಪಿಕಪ್ ಮೇಲೆ ಕ್ಯಾಂಪರ್ ಕೂರಿಸಿದ ಮೇಲೆ ಹಿಂದಿನ ನಂಬರ್ ಪ್ಲೇಟ್ ಎಲ್ಲಿ ಹಾಕಬೇಕು?

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ):
ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಆರ್‌ವಿ (ಮನೆ ಥರ ಇರೋ ಪ್ರವಾಸಿ ಗಾಡಿ) ಫಿಟ್ಟಿಂಗ್ ಕೆಲಸ ಮಾಡುವ ಸರ್ ಇದ್ದಾರಲ್ಲ, ಅವರಿಗೆ ಈ ಪ್ರಶ್ನೆ. ನಮ್ಮದು ಫೋರ್ಡ್ ಎಫ್-350 ಪಿಕಪ್, ಹಿಂದೆ ಸಾಮಾನು ಹಾಕೋ ತೊಟ್ಟಿ, ಅಂದ್ರೆ ಬೆಡ್, ಎಂಟಡಿ. ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಟ್ರಕ್ ಕ್ಯಾಂಪರ್ ತಗೊಂಡ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಟ್ರೇಲರ್ ಥರ ಎಳೆಯೋದಲ್ಲ, ಪಿಕಪ್‌ನ ಬೆಡ್ ಒಳಗೆ ಇಳಿಸಿ ಕೂರಿಸೋ ಪುಟ್ಟ ಮನೆ. ಹಾಸಿಗೆ, ಒಲೆ, ಸಿಂಕ್ ಎಲ್ಲ ಒಳಗೇ ಇದೆ. ಕೂರಿಸಿ ನೋಡಿದರೆ ಅದರ ಹಿಂಭಾಗ ಬಂಪರ್ ದಾಟಿ ಎರಡಡಿ ಆಚೆ ಬಂದಿದೆ, ಮೆಟ್ಟಿಲೂ ಅಲ್ಲೇ ನೇತಾಡ್ತಿದೆ. ಬಂಪರ್‌ನಲ್ಲಿರೋ ನಂಬರ್ ಪ್ಲೇಟ್ ಮಂಡಿಯೂರಿ ಬಗ್ಗಿದರೆ ಮಾತ್ರ ಕಾಣುತ್ತೆ. ಕ್ಯಾಂಪರ್‌ಗೆ ಬೇರೆ ನಂಬರ್ ತಗೋಬೇಕಾ? ಇಲ್ಲಾಂದ್ರೆ ಮುಂದಿನ ಪ್ಲೇಟ್ ಬಿಚ್ಚಿ ಕ್ಯಾಂಪರ್ ಹಿಂದೆ ಹಾಕಿಬಿಟ್ಟರೆ ಆಗುತ್ತಾ? ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರನ್ನ ಕರ್ಕೊಂಡು ಲೇಕ್ ಟಾಹೋ ಕಡೆ ಹೊರಡಬೇಕು. ದಾರಿಯಲ್ಲಿ ಪೊಲೀಸ್ ನಿಲ್ಲಿಸೋ ಹಾಗಾಗಬಾರದು.

ಉತ್ತರ (ಆರ್‌ವಿ ಫಿಟ್ಟರ್, ಸ್ಯಾಕ್ರಮೆಂಟೊ):
ನಮಸ್ಕಾರ. ಹೊರಡೋಕೆ ಮುಂಚೆ ಕೇಳಿದ್ದು ಒಳ್ಳೇದಾಯ್ತು.

ನಂಬರ್ ಇರುವುದು ಟ್ರಕ್ಕಿಗೆ. ನಿಮ್ಮ ಹತ್ತಿರ ಇರುವಂಥ, ಚಕ್ರವಿಲ್ಲದ, ಬೇಕಾದಾಗ ಇಳಿಸಿ ಇಡುವ ಕ್ಯಾಂಪರ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಪ್ರತ್ಯೇಕ ನೋಂದಣಿ ಇಲ್ಲ. ಕಾನೂನಿನ ಕಣ್ಣಿಗೆ ಅದು ಟ್ರಕ್ ಹೊತ್ತ ಹೊರೆ, ಅಷ್ಟೇ. ಆದರೆ ಹೊರೆ ಅಡ್ಡ ಬಂತು ಅಂತ ಪ್ಲೇಟ್ ಕಾಣದೇ ಇರುವ ಹಾಗಿಲ್ಲ. ಇಲ್ಲಿನ ವೆಹಿಕಲ್ ಕೋಡ್ (ವಾಹನ ಕಾನೂನು) ಸೆಕ್ಷನ್ 5200ರ ಪ್ರಕಾರ ಎರಡು ಪ್ಲೇಟ್ ಕೊಟ್ಟಿದ್ದರೆ ಒಂದು ಮುಂದೆ, ಒಂದು ಹಿಂದೆ ಇರಲೇಬೇಕು. ಸೆಕ್ಷನ್ 5201ರ ಪ್ರಕಾರ ಪ್ಲೇಟ್ ಅಲ್ಲಾಡದಂತೆ ಗಟ್ಟಿಯಾಗಿ ಕೂತಿರಬೇಕು, ಅಕ್ಷರ ನೆಟ್ಟಗಿರಬೇಕು, ಸ್ಪಷ್ಟವಾಗಿ ಕಾಣಬೇಕು. ಹಿಂದಿನ ಪ್ಲೇಟ್ ನೆಲದಿಂದ 12 ಇಂಚಿಗಿಂತ ಕೆಳಗೂ 60 ಇಂಚಿಗಿಂತ ಮೇಲೂ ಇರಬಾರದು. ಮಂಡಿಯೂರಿದರೆ ಕಾಣುತ್ತೆ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಹಿಂದಿನ ಪ್ಲೇಟನ್ನೇ ಬಂಪರ್‌ನಿಂದ ಬಿಚ್ಚಿ ಕ್ಯಾಂಪರ್‌ನ ಹಿಂಗೋಡೆಗೆ ಹಾಕಿ. ಮುಂದಿನದನ್ನು ಮುಟ್ಟಬೇಡಿ. ಅದನ್ನು ಕಿತ್ತು ಹಿಂದೆ ಹಾಕಿದರೆ ಮುಂದೆ ಪ್ಲೇಟಿಲ್ಲದ ಗಾಡಿ ಆಯಿತು. ಜೊತೆಗೆ ನಿಮ್ಮಂಥ ಪಿಕಪ್‌ಗಳಲ್ಲಿ ನೋಂದಣಿ ಮುಗಿಯುವ ತಿಂಗಳು, ವರ್ಷದ ಸ್ಟಿಕ್ಕರ್ ಅಂಟಿಸಿರುವುದು ಹಿಂದಿನ ಪ್ಲೇಟಿಗೆ. ಮುಂದಿನದನ್ನು ಹಿಂದೆ ತಂದರೆ ಹಿಂದೆ ಬರುವ ಪೊಲೀಸರಿಗೆ ಸ್ಟಿಕ್ಕರ್ ಕಾಣುವುದಿಲ್ಲ, ನೋಂದಣಿ ಮುಗಿದ ಗಾಡಿ ಅಂದುಕೊಂಡೇ ನಿಲ್ಲಿಸುತ್ತಾರೆ.

ಗೋಡೆಗೆ ತೂತು ಕೊರೆಯುವ ಮೊದಲು ಕ್ಯಾಂಪರ್‌ನ ಹಿಂಗೋಡೆಯನ್ನು ಸರಿಯಾಗಿ ನೋಡಿ. ಬಹಳಷ್ಟು ಕಂಪನಿಗಳು ಫ್ಯಾಕ್ಟರಿಯಲ್ಲೇ ಪ್ಲೇಟ್ ಬ್ರಾಕೆಟ್, ಅದರ ಮೇಲೆ ಒಂದು ಚಿಕ್ಕ ಲ್ಯಾಂಪ್ ಕೂರಿಸಿರುತ್ತವೆ. ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ಹಳೇ ಮಾಲೀಕರು ಅದನ್ನು ತೆಗೆದು ಸೀಲಂಟ್ (ನೀರು ತಡೆಯುವ ಅಂಟು) ಬಳಿದಿರಬಹುದು. ಬಾಗಿಲ ಪಕ್ಕ, ಸೊಂಟದ ಎತ್ತರಕ್ಕೆ, ಎರಡು ಹಳೇ ಸ್ಕ್ರೂ ಗುರುತು ಕಂಡರೆ ಅದೇ ಜಾಗ.

ಇಲ್ಲವೇ ಇಲ್ಲ ಅಂದರೆ ಹೊಸ ಬ್ರಾಕೆಟ್ ಹಾಕಬೇಕಾಗುತ್ತದೆ. ಇಲ್ಲಿ ಅವಸರ ಬೇಡ. ಕ್ಯಾಂಪರ್‌ನ ಗೋಡೆ ಅಂದರೆ ಹೊರಗೆ ತೆಳ್ಳನೆಯ ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಹಾಳೆ, ಒಳಗೆ ಫೋಮ್, ಅಲ್ಲಲ್ಲಿ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು. ಬೆರಳಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ನಿಂತು ಗಟ್ಟಿ ಸದ್ದು ಬಂದ ಕಡೆ ಚೌಕಟ್ಟಿದೆ, ಸ್ಕ್ರೂ ಅಲ್ಲಿಗೇ ಹೋಗಬೇಕು. ಬ್ರಾಕೆಟ್‌ನ ಬೆನ್ನಿಗೆ ಬ್ಯುಟೈಲ್ ಟೇಪ್ (ನೀರು ಹೊಗದಂತೆ ತಡೆಯುವ ಮೆತ್ತನೆಯ ಅಂಟು ಪಟ್ಟಿ) ಇಟ್ಟು ಬಿಗಿ ಮಾಡಿ, ಅಂಚಿನಲ್ಲಿ ಉಕ್ಕಿದ್ದನ್ನು ಕತ್ತರಿಸಿ, ಮೇಲಂಚಿಗೂ ಎರಡು ಪಕ್ಕಕ್ಕೂ ಸೀಲಂಟ್ ಎಳೆಯಿರಿ. ಕೆಳಗಂಚು ತೆರೆದೇ ಇರಲಿ, ನೀರು ಹೊಕ್ಕರೂ ಹೊರಗೆ ಇಳಿಯಲಿ. ನನ್ನ ಹತ್ತಿರ ಬರುವ ಹಳೇ ಕ್ಯಾಂಪರ್‌ಗಳಲ್ಲಿ ಕೊಳೆತ ಗೋಡೆಯನ್ನು ಬಿಚ್ಚಿದಾಗ ನೀರಿನ ಜಾಡು ಎಷ್ಟೋ ಸಲ ಇಂಥದ್ದೇ ಒಂದು ಸೀಲ್ ಮಾಡದ ಸ್ಕ್ರೂ ತೂತಿನ ತನಕ ಹೋಗುತ್ತದೆ.

ಮರು ಪ್ರಶ್ನೆ (ಫ್ರೀಮಾಂಟ್):
ತುಂಬಾ ಥ್ಯಾಂಕ್ಸ್ ಸರ್. ಲೈಟ್ ವಿಷಯ ಒಂದು ಹೇಳಿಬಿಡಿ. ಆನ್‌ಲೈನ್‌ನಲ್ಲಿ ಸೋಲಾರ್ ಲ್ಯಾಂಪ್ ಇರೋ ಪ್ಲೇಟ್ ಫ್ರೇಮ್ ಸಿಗುತ್ತೆ. ವೈರಿಂಗ್ ತಲೆನೋವೇ ಇಲ್ಲ. ಅದು ಸಾಕಲ್ವಾ?

ಉತ್ತರ:
ಸಾಲದು. ಸೆಕ್ಷನ್ 24601 ಎರಡು ಮಾತು ಹೇಳುತ್ತದೆ. ಒಂದು, ಕತ್ತಲಲ್ಲಿ ಹಿಂದಿನ ಪ್ಲೇಟಿನ ಮೇಲೆ ಬಿಳಿ ಬೆಳಕು ಬಿದ್ದು 50 ಅಡಿ ದೂರದಿಂದ ಸ್ಪಷ್ಟವಾಗಿ ಓದುವಂತಿರಬೇಕು. ಎರಡನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಪ್ಲೇಟಿಗೆ ಬೇರೆ ಲ್ಯಾಂಪ್ ಇದ್ದರೆ ಅದು ಟೇಲ್ ಲ್ಯಾಂಪಿನ ಜೊತೆಗೆ ಒಂದೇ ಸ್ವಿಚ್ಚಿನಲ್ಲಿ ಹತ್ತಬೇಕು, ಒಂದೇ ಸ್ವಿಚ್ಚಿನಲ್ಲಿ ಆರಬೇಕು. ಸೋಲಾರ್ ಲ್ಯಾಂಪು ತನ್ನಷ್ಟಕ್ಕೆ ಹತ್ತುತ್ತೆ, ತನ್ನಷ್ಟಕ್ಕೆ ಆರುತ್ತೆ. ಮೋಡ ಕವಿದ ದಿನದ ರಾತ್ರಿ ಹತ್ತುವುದೇ ಅನುಮಾನ.

ಕ್ಯಾಂಪರ್‌ನ ಟೇಲ್ ಲ್ಯಾಂಪು, ಗಾಡಿಯ ಅಳತೆ ತೋರಿಸುವ ಚಿಕ್ಕ ಮಾರ್ಕರ್ ಲ್ಯಾಂಪುಗಳಿಗೆ ಟ್ರಕ್ಕಿನಿಂದ ಹೇಗೂ ಕರೆಂಟ್ ಬರುತ್ತಿರುತ್ತದೆ. ಆ ಟೇಲ್ ಲ್ಯಾಂಪಿನ ತಂತಿಯಿಂದಲೇ ಒಂದು ಕವಲು ಎಳೆದು ಪ್ಲೇಟ್ ಲ್ಯಾಂಪಿಗೆ ಕೊಡಿ. ಎಲ್‌ಇಡಿ ಆದರೆ ಎಳೆಯುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ.

ತಂತಿಯ ಬಣ್ಣ ನಂಬಿ ಮಾತ್ರ ಕೆಲಸ ಶುರು ಮಾಡಬೇಡಿ. ಇಲ್ಲಿ ಎರಡು ಪದ್ಧತಿ ಇವೆ. ಸಾಮಾನ್ಯ ಟ್ರೇಲರ್‌ಗಳ ವೈರಿಂಗ್‌ನಲ್ಲಿ ಕಂದು ತಂತಿ ಟೇಲ್ ಲ್ಯಾಂಪಿನದು, ಹಸಿರು ಬಲಗಡೆ ಇಂಡಿಕೇಟರ್‌ದು. ಆರ್‌ವಿ ಪದ್ಧತಿಯಲ್ಲಿ ಇದು ಅದಲುಬದಲು, ಹಸಿರು ಟೇಲ್ ಲ್ಯಾಂಪಿಗೆ, ಕಂದು ಬಲಗಡೆ ಇಂಡಿಕೇಟರ್‌ಗೆ. ಕಂದು ತಂತಿ ಅಂತ ಕಣ್ಣು ಮುಚ್ಚಿ ಸೇರಿಸಿದರೆ ಬಲಕ್ಕೆ ತಿರುಗುವಾಗೆಲ್ಲ ನಂಬರ್ ಪ್ಲೇಟ್ ಮಿನುಗುತ್ತದೆ. ತಂತಿಯಲ್ಲಿ ಕರೆಂಟ್ ಇದ್ದರೆ ಹತ್ತುವ ಟೆಸ್ಟ್ ಲ್ಯಾಂಪ್ ಹಿಡಿದು, ಒಬ್ಬರು ಒಳಗೆ ಕೂತು ಪಾರ್ಕಿಂಗ್ ಲೈಟ್ ಹಾಕಿ ತೆಗೆಯಲಿ. ಅದರ ಜೊತೆ ಹತ್ತಿ ಆರುವ ತಂತಿಯೇ ನಿಮ್ಮದು.

ಎಲ್ಲ ಮುಗಿದ ಮೇಲೆ ರಾತ್ರಿ ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ 50 ಅಡಿ ಹಿಂದೆ ನಡೆದು ಓದಿ ನೋಡಿ. ಅದು ನಿಮ್ಮ ಟ್ರಕ್ಕಿನ ಎರಡು ಉದ್ದಕ್ಕಿಂತ ಸ್ವಲ್ಪ ಹೆಚ್ಚು ದೂರ. ನೀವು ಓದಿದರೆ ಆಗಲಿಲ್ಲ, ನಿಮಗೆ ನಂಬರ್ ಬಾಯಿಪಾಠ ಇರುತ್ತೆ. ತಂದೆಯವರನ್ನು ಕರೆದು ಓದಿಸಿ.

ಪ್ರಶ್ನೆ (ಮ್ಯೂನಿಕ್):
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇಲ್ಲಿ ಜರ್ಮನಿಯಲ್ಲಿ ಕಾರಿನ ಹಿಂದೆ ಸೈಕಲ್ ಕ್ಯಾರಿಯರ್ ಹಾಕಿ ನಂಬರ್ ಮರೆಯಾದರೆ ಅಂಗಡಿಯಲ್ಲಿ ಅದೇ ನಂಬರಿನ ಇನ್ನೊಂದು ಪ್ಲೇಟ್ ಮಾಡಿಸಿ ಕ್ಯಾರಿಯರ್‌ಗೆ ಹಾಕ್ತೀವಿ. ಅದಕ್ಕೆ ಸರ್ಕಾರಿ ಸೀಲ್ ಕೂಡ ಬೇಡ. ಅಮೆರಿಕದಲ್ಲೂ ಹಾಗೇ ಮಾಡಿಸಿದರೆ ಬಿಚ್ಚಿ ಹಾಕೋ ಕಷ್ಟವೇ ಇರಲ್ಲವಲ್ಲ?

ಉತ್ತರ:
ನಿಮ್ಮಲ್ಲಿ ಅದು ಕಾನೂನೇ ಹೇಳಿದ ದಾರಿ, ನಿಶ್ಚಿಂತೆಯಿಂದ ಮಾಡಿ. ಕ್ಯಾಲಿಫೋರ್ನಿಯಾದಲ್ಲಿ ಪ್ಲೇಟ್ ಕೊಡುವುದು ಡಿಎಂವಿ (ರಾಜ್ಯದ ವಾಹನ ನೋಂದಣಿ ಇಲಾಖೆ) ಮಾತ್ರ. ಅದೇ ನಂಬರನ್ನು ನಾವೇ ಇನ್ನೊಂದು ತಗಡಿನ ಮೇಲೆ ಮಾಡಿಸಿಕೊಂಡು ರಸ್ತೆಗಿಳಿದರೆ ನಕಲಿ ಪ್ಲೇಟಿನ ಕೇಸಾಗಬಹುದು. ಕಲರ್ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿ ಕ್ಯಾಂಪರ್ ಹಿಂದೆ ಅಂಟಿಸಿಕೊಂಡು ಬರುವವರನ್ನು ನೋಡಿದ್ದೇನೆ. ಸಂಸಾರ ಸಮೇತ ಹೋಗುವವರು ಯಾರೂ ಆ ದಾರಿ ಹಿಡಿಯಬೇಡಿ. ಪ್ಲೇಟ್ ಕಾಣದಿದ್ದರೆ ಸರಿಪಡಿಸಿ ತೋರಿಸು ಅಂತ ಚೀಟಿ ಕೊಡುವುದುಂಟು, ಸರಿಪಡಿಸಿದ್ದನ್ನು ತೋರಿಸಿ 25 ಡಾಲರ್ ಕಟ್ಟಿದರೆ ಅಲ್ಲಿಗೆ ಮುಗಿಯುತ್ತದೆ. ನಕಲಿ ಪ್ಲೇಟ್ ಹಾಗೆ ಮುಗಿಯುವ ಕೇಸಲ್ಲ.

ಪ್ರಶ್ನೆ (ಸಿಯಾಟಲ್):
ಅಣ್ಣಾ, ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಂಪರ್‌ಗೂ ಟೈಟಲ್ (ಮಾಲೀಕತ್ವದ ಪತ್ರ), ರಿಜಿಸ್ಟ್ರೇಷನ್ ಬೇಕು ಅಂತಾರೆ. ನೀವು ಬೇಡ ಅಂತೀರಿ. ಕ್ಯಾಲಿಫೋರ್ನಿಯಾದವರೊಬ್ಬರ ಹತ್ತಿರ ಒಂದು ಕ್ಯಾಂಪರ್ ಮಾತಾಡಿದ್ದೀನಿ. ಯಾವುದು ಸರಿ?

ಉತ್ತರ:
ನಿಮ್ಮಲ್ಲಿ ಹೇಳಿದ್ದೇ ನಿಮಗೆ ಸರಿ. ವಾಷಿಂಗ್ಟನ್, ಆರೆಗಾನ್ ಎರಡರಲ್ಲೂ ಕ್ಯಾಂಪರ್‌ಗೆ ಟೈಟಲ್ಲೂ ನೋಂದಣಿಯೂ ಆಗಬೇಕು. ಹಾಗಂತ ಕ್ಯಾಂಪರ್‌ನ ನೋಂದಣಿ ಟ್ರಕ್ಕಿನ ಪ್ಲೇಟಿನ ಕೆಲಸ ಮಾಡುವುದಿಲ್ಲ. ಟ್ರಕ್ಕಿನ ನಂಬರ್ ಹಿಂದಿನಿಂದ ಕಾಣಲೇಬೇಕು.

ನೀವು ಜಾಗ್ರತೆ ಮಾಡಬೇಕಾದ್ದು ಕಾಗದದ ಕಡೆ. ಇಲ್ಲಿ ಕ್ಯಾಂಪರ್‌ಗೆ ನೋಂದಣಿ ಇಲ್ಲದ್ದರಿಂದ ಮಾರುವವರು ಟೈಟಲ್ ಇಲ್ಲ ಅಂದರೆ ಗಾಬರಿಯಾಗಬೇಡಿ. ಬದಲಿಗೆ ಬಿಲ್ ಆಫ್ ಸೇಲ್ (ಮಾರಾಟದ ಪತ್ರ) ಬರೆಸಿಕೊಳ್ಳಿ. ಅದರಲ್ಲಿ ಕಂಪನಿ, ಮಾಡೆಲ್, ವರ್ಷ, ಸೀರಿಯಲ್ ನಂಬರ್, ಇಬ್ಬರ ಸಹಿ ಇರಲಿ. ಸೀರಿಯಲ್ ನಂಬರ್ ಕ್ಯಾಂಪರ್ ಮೇಲಿನ ತಗಡಿನಲ್ಲಿರುತ್ತದೆ. ಮಾರುವವರ ಬಾಯಿಂದ ಕೇಳಿ ಬರೆಯಬೇಡಿ, ಅಲ್ಲೇ ನಿಂತು ಅಂಕಿಗೆ ಅಂಕಿ ತಾಳೆ ನೋಡಿ ಬರೆಯಿರಿ. ಅವರ ಹತ್ತಿರ ಹಳೇ ಖರೀದಿ ರಸೀದಿ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಒಂದು ಅಂಕಿ ತಪ್ಪಿದರೂ ನಿಮ್ಮೂರಿನ ಲೈಸೆನ್ಸಿಂಗ್ ಆಫೀಸಿಗೆ ಓಡಾಡಬೇಕಾದವರು ನೀವೇ.

ಪ್ರಶ್ನೆ (ಫೀನಿಕ್ಸ್):
ನಮ್ಮ ಅರಿಜೋನಾ ರಾಜ್ಯದಲ್ಲಿ ಗಾಡಿಯ ಹಿಂಭಾಗಕ್ಕೆ ಮಾತ್ರ, ಒಂದೇ ಪ್ಲೇಟ್. ಕ್ಯಾಲಿಫೋರ್ನಿಯಾಕ್ಕೆ ಬಂದರೆ ಮುಂದೆ ಇಲ್ಲ ಅಂತ ತೊಂದರೆ ಮಾಡ್ತಾರಾ?

ಉತ್ತರ:
ಇಲ್ಲ. ನಿಮ್ಮ ರಾಜ್ಯ ಎಷ್ಟು ಪ್ಲೇಟ್ ಕೊಟ್ಟಿದೆಯೋ ಅಷ್ಟನ್ನು ಹಾಕಿದ್ದರೆ ಸಾಕು. ಒಂದೇ ಪ್ಲೇಟಿನ ರಾಜ್ಯಗಳು ಹೆಚ್ಚುತ್ತಲೂ ಇವೆ. ಒಹಾಯೊ 2020ರ ಜುಲೈಯಲ್ಲಿ ಮುಂದಿನ ಪ್ಲೇಟ್ ಕೈಬಿಟ್ಟಿತು, ಯೂಟಾ 2025ರ ಜನವರಿಯಲ್ಲಿ. ಆದರೆ ಇರುವುದು ಒಂದೇ ಆದಾಗ ಅದೂ ಕ್ಯಾಂಪರ್ ಕೆಳಗೆ ಮುಚ್ಚಿಹೋದರೆ ಗಾಡಿಗೆ ನಂಬರೇ ಇಲ್ಲದಂತಾಯಿತು. ನೀವು ಇನ್ನೂ ಹುಷಾರಾಗಿರಬೇಕು.

ಮರು ಪ್ರಶ್ನೆ (ಫ್ರೀಮಾಂಟ್):
ಇನ್ನೊಂದು ಅನುಮಾನ ಸರ್. ಕ್ಯಾಂಪ್‌ಗ್ರೌಂಡಿನಲ್ಲಿ ಕ್ಯಾಂಪರ್ ಇಳಿಸಿ ಜ್ಯಾಕ್ ಮೇಲೆ ನಿಲ್ಲಿಸಿ, ಬರೀ ಟ್ರಕ್ ತಗೊಂಡು ಸುತ್ತಾಡೋಣ ಅಂತಿದ್ದೀವಿ. ಹತ್ತಿರದ ಓಡಾಟಕ್ಕೂ ಪ್ಲೇಟ್ ವಾಪಸ್ ಬಂಪರ್‌ಗೆ ಹಾಕಬೇಕಾ? ಹಿಂದೆ ಸೈಕಲ್ ರ‍್ಯಾಕ್ ಬೇರೆ ಇದೆ.

ಉತ್ತರ:
ಹಾಕಲೇಬೇಕು. ಸಾರ್ವಜನಿಕ ರಸ್ತೆಗೆ ಟ್ರಕ್ ಇಳಿದರೆ ಪ್ಲೇಟ್ ಅದರ ಜೊತೆ ಹೋಗಬೇಕು, ಹಾಲು ತರೋಕೆ ಹೋದರೂ ಸರಿ. ಅನುಭವಸ್ಥರೂ ಇಲ್ಲೇ ಎಡವುತ್ತಾರೆ. ಕ್ಯಾಂಪರ್ ಇಳಿಸಿದ ಸಂಭ್ರಮದಲ್ಲಿ ಪ್ಲೇಟ್ ಅದರ ಹಿಂದೆಯೇ ಉಳಿದುಬಿಡುತ್ತದೆ.

ನಾನು ಗಿರಾಕಿಗಳಿಗೆ ಮಾಡಿಕೊಡುವುದು ಹೀಗೆ. ಪ್ಲೇಟನ್ನು ಒಂದು ಗಟ್ಟಿ ಫ್ರೇಮಿಗೆ ಖಾಯಂ ಆಗಿ ಬಿಗಿದು, ಆ ಫ್ರೇಮ್ ಕೂರುವ ಒಂದೇ ಅಳತೆಯ ಎರಡು ಬ್ರಾಕೆಟ್ ಹಾಕುತ್ತೇನೆ, ಒಂದು ಬಂಪರ್‌ಗೆ, ಒಂದು ಕ್ಯಾಂಪರ್‌ಗೆ. ಎರಡಕ್ಕೂ ಒಂದೇ ಥರದ ಬೋಲ್ಟು, ಕಳ್ಳರು ಸುಲಭಕ್ಕೆ ಬಿಚ್ಚಲಾಗದ ತಲೆಯದ್ದು. ರೆಕ್ಕೆ ನಟ್ಟು ಹಾಕಿಸಿಕೊಳ್ಳಬೇಡಿ, ನಿಮಗೆ ಎಷ್ಟು ಸಲೀಸೋ ಕಳ್ಳನಿಗೂ ಅಷ್ಟೇ ಸಲೀಸು. ಬೋಲ್ಟಿನ ಕೀಲಿಯನ್ನು ಕ್ಯಾಂಪರ್ ಬಿಗಿಯುವ ಟರ್ನ್‌ಬಕಲ್‌ಗಳ ಚೀಲದಲ್ಲೇ ಇಡಿ. ಕ್ಯಾಂಪರ್ ಇಳಿಸಬೇಕಾದರೆ ಟರ್ನ್‌ಬಕಲ್ ಬಿಚ್ಚಿ ಆ ಚೀಲಕ್ಕೆ ಹಾಕಲೇಬೇಕು, ಆಗ ಕೀಲಿ ಕಣ್ಣಿಗೆ ಬೀಳುತ್ತದೆ.

ಸೈಕಲ್ ವಿಷಯಕ್ಕೆ ಬಂದರೆ, ಕ್ಯಾಂಪರ್ ಹಿಂದೆ ಪ್ಲೇಟ್ ಹಾಕಿ ಅದರ ಮುಂದೆ ಸೈಕಲ್ ನೇತುಹಾಕಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ರ‍್ಯಾಕ್ ಬಲಕ್ಕಿದ್ದರೆ ಪ್ಲೇಟ್ ಎಡಕ್ಕಿರಲಿ. ಸೈಕಲ್ ಏರಿಸಿದ ಮೇಲೆ ಹಿಂದೆ ನಿಂತು ನೋಡಿ, ಆಮೇಲೆ ಬ್ರಾಕೆಟ್ ಜಾಗ ಗುರುತು ಮಾಡಿ.

ಪ್ರಶ್ನೆ (ಸ್ಯಾನ್ ಹೋಸೆ):
ಕ್ಯಾಂಪರನ್ನ ಇಳಿಸೋದೇ ಇಲ್ಲ, ಖಾಯಂ ಆಗಿ ಬೋಲ್ಟ್ ಹೊಡೆದುಬಿಡ್ತೀನಿ ಅಂದರೆ?

ಉತ್ತರ:
ಆಗ ಲೆಕ್ಕವೇ ಬೇರೆ. ಸೆಕ್ಷನ್ 362ರ ಪ್ರಕಾರ ಕ್ಯಾಂಪರನ್ನು ಖಾಯಂ ಆಗಿ ಜೋಡಿಸಿದ ಗಾಡಿ ‘ಹೌಸ್ ಕಾರ್’ ಆಗುತ್ತದೆ. ಡಿಎಂವಿಯಲ್ಲಿ ನೋಂದಣಿ ಬದಲಾಯಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಪ್ಲೇಟ್ ಕ್ಯಾಂಪರ್ ಹಿಂದೆಯೇ ನಿಲ್ಲುತ್ತದೆ.

ಪ್ರಶ್ನೆ (ಬೆಂಗಳೂರು):
ಸರ್, ನಮ್ಮಲ್ಲಿ ಟ್ರಕ್ ಕ್ಯಾಂಪರ್ ಇಲ್ಲ, ಆದರೆ ಎಸ್‌ಯುವಿ ಹಿಂಬಾಗಿಲಿಗೆ ಸೈಕಲ್ ರ‍್ಯಾಕ್ ಕಟ್ಟಿ ನಂದಿ ಬೆಟ್ಟಕ್ಕೆ ಹೋಗ್ತೀವಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟ್ ಮುಚ್ಚಿಹೋಗುತ್ತೆ. ಅದನ್ನೂ ಬಿಚ್ಚಿ ರ‍್ಯಾಕ್ ಮೇಲೆ ಹಾಕಬಹುದಾ?

ಉತ್ತರ:
ಅದನ್ನು ಮುಟ್ಟಲೇಬೇಡಿ. ಎಚ್‌ಎಸ್‌ಆರ್‌ಪಿಯನ್ನು ಕೂರಿಸಿರುವ ಸ್ನ್ಯಾಪ್ ಲಾಕ್ ಒಮ್ಮೆ ಬಿದ್ದರೆ ಮುರಿಯದೆ ಬರುವುದಿಲ್ಲ, ಮತ್ತೆ ಬಳಸಲೂ ಆಗುವುದಿಲ್ಲ. ಬಿಚ್ಚಿ ಹಾಕುವುದನ್ನು ತಡೆಯಲೆಂದೇ ಆ ವ್ಯವಸ್ಥೆ. ನಿಮಗಿರುವ ದಾರಿ ಸೈಕಲ್ಲನ್ನೇ ಬೇರೆ ಕಡೆ ಇಡುವುದು. ಟಾಪ್ ಮೇಲಿನ ಕ್ಯಾರಿಯರ್ ಹಾಕಿಸಿ, ಇಲ್ಲವೇ ಹಿಂದಿನ ಸೀಟು ಮಡಿಸಿ, ಮುಂದಿನ ಚಕ್ರ ಬಿಚ್ಚಿ ಒಳಗೇ ಮಲಗಿಸಿ. ಟಾಪ್ ಮೇಲೆ ಸೈಕಲ್ ಇದ್ದಾಗ ಮಾಲ್‌ಗಳ ಬೇಸ್‌ಮೆಂಟ್ ಪಾರ್ಕಿಂಗಿಗೆ ಇಳಿಯುವಾಗ ಎತ್ತರ ನೋಡಿಕೊಳ್ಳಿ.

ಮರು ಪ್ರಶ್ನೆ (ಫ್ರೀಮಾಂಟ್):
ಸರ್, ನೀವು ಹೇಳಿದ ಹಾಗೇ ಬಾಗಿಲ ಎಡಕ್ಕೆ ಸೀಲಂಟ್ ಕೆರೆದು ನೋಡಿದೆ, ಹಳೇ ಬ್ರಾಕೆಟ್ ಜಾಗ ಸಿಕ್ತು! ಲ್ಯಾಂಪೂ ಇದೆ, ಆದರೆ ಉರೀತಿಲ್ಲ. ಕ್ಯಾಂಪರ್‌ನ ಟೇಲ್ ಲ್ಯಾಂಪ್, ಮೇಲಿನ ಮಾರ್ಕರ್ ಲ್ಯಾಂಪ್ ಎಲ್ಲ ಚೆನ್ನಾಗಿ ಉರೀತಿವೆ.

ಉತ್ತರ:
ಖುಷಿಯಾಯ್ತು, ಹೊಸ ತೂತು ಉಳೀತು. ಬೇರೆ ಲ್ಯಾಂಪು ಉರೀತಿವೆ ಅಂದರೆ ಟ್ರಕ್ಕಿನ ಫ್ಯೂಸ್, ಪ್ಲಗ್ ಎರಡೂ ಸರಿ ಇವೆ, ಆ ಕಡೆ ಹೋಗಬೇಡಿ. ಲ್ಯಾಂಪಿನ ಗಾಜು ತೆಗೆದು ಬಲ್ಬ್ ಕೂರುವ ತಗಡು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಲ್ಯಾಂಪನ್ನೇ ಬದಲಾಯಿಸಿ. ಚೊಕ್ಕಟವಾಗಿದ್ದರೆ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಕ್ಯಾಂಪರ್‌ನ ಬೇರೆ ಒಳ್ಳೇ ಅರ್ಥಿಂಗ್ ಜಾಗಕ್ಕೆ ಕಚ್ಚಿಸಿ, ಪಾರ್ಕಿಂಗ್ ಲೈಟ್ ಹಾಕಿ, ಲ್ಯಾಂಪಿಗೆ ಬರುವ ತಂತಿ ಮುಟ್ಟಿಸಿ. ಹತ್ತಿತು ಅಂದರೆ ಕರೆಂಟ್ ಬರುತ್ತಿದೆ, ಕೆಟ್ಟಿರುವುದು ಲ್ಯಾಂಪಿನ ಬಿಳಿ ಅರ್ಥಿಂಗ್ ತಂತಿ ಅಥವಾ ಬಲ್ಬು. ಹತ್ತಲಿಲ್ಲ ಅಂದರೆ ಗೋಡೆಯೊಳಗೆ ಎಲ್ಲೋ ತುಂಡಾಗಿದೆ. ಆಗ ಹಳೇ ತಂತಿ ಹುಡುಕುತ್ತಾ ಕೂರಬೇಡಿ, ಹತ್ತಿರದ ಟೇಲ್ ಲ್ಯಾಂಪಿನಿಂದ ಹೊಸದು ಎಳೆಯಿರಿ. ಫೋಟೋ ಹಾಕಿ, ಸಂಜೆ ನೋಡಿ ಹೇಳ್ತೀನಿ.