ಪದಚರ್ಚೆ: ಊಟಕ್ಕೆ ‘ಪೂರೈಕೆ’ಯಾದ ಮೆಕ್ಕೆಜೋಳ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಆಫ್ರಿಕಾದ ಮಲಾವಿ ದೇಶದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜನರ ಊಟಕ್ಕೆ ಸಿಗುವ ಮೆಕ್ಕೆಜೋಳ ಅಲ್ಲಿ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗಿದೆ ಅನ್ನುವುದು ಅದರ ವಿಷಯ. ‘ಫುಡ್ ಸಪ್ಲೈ’ ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ. ಮೊದಲ ಕರಡಿನಲ್ಲಿ ಸುಮ್ನೆ ‘ಆಹಾರ ಪೂರೈಕೆ’ ಎಂದು ಬರೆದುಬಿಟ್ಟೆ. ತಿರುಗಿ ಓದಿದಾಗ ಇಡೀ ದೇಶದ ಚಿತ್ರವೇ ತಪ್ಪಾಗಿ ಬಂದಿದೆ ಅನ್ನಿಸಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಪೂರೈಕೆ ಅಂದರೆ ಪೂರೈಸುವವರು ಒಬ್ಬರು ಇರಬೇಕು. ಸರಬರಾಜು ಅಂದರಂತೂ ಲಾರಿ, ಗೋದಾಮು, ನ್ಯಾಯಬೆಲೆ ಅಂಗಡಿಯ ಸಾಲು ಕಣ್ಣಿಗೆ ಬರುತ್ತದೆ. ನಮ್ಮ ರಾಜ್ಯದ ಆಹಾರ ಇಲಾಖೆಯ ಹೆಸರಲ್ಲೇ ‘ನಾಗರಿಕ ಸರಬರಾಜು’ ಇದೆ, ಅಲ್ವಾ? ಮಲಾವಿಯ ಹಳ್ಳಿಗಳಲ್ಲಿ ಹೆಚ್ಚಿನವರು ತಮ್ಮ ತುಂಡು ಹೊಲದಲ್ಲಿ ಬೆಳೆದದ್ದನ್ನೇ ಉಣ್ಣುತ್ತಾರೆ. ನವೆಂಬರ್ ಮಳೆಗೆ ಬಿತ್ತುತ್ತಾರೆ. ಏಪ್ರಿಲ್, ಮೇ ಹೊತ್ತಿಗೆ ತೆನೆ ಮುರಿದು ‘ನ್ಖೊಕ್ವೆ’ ಎಂಬ ಕಣಜಕ್ಕೆ ತುಂಬುತ್ತಾರೆ. ಇದನ್ನು ಯಾರೂ ಅವರಿಗೆ ಪೂರೈಸಲಿಲ್ಲ. ಆದರೆ ನನ್ನ ವಾಕ್ಯ ಓದಿದವರು ಸರ್ಕಾರ ತಲೆಗೆ ಇಷ್ಟು ಕಿಲೋ ಅಂತ ಹಂಚಿತು ಎಂದೇ ತಿಳಿಯುತ್ತಾರೆ.

ಹಾಗಂತ ‘ಬಳಕೆ’ ಅನ್ನುವಂತೆಯೂ ಇಲ್ಲ. ಈ ಅಂಕಿಯನ್ನು ಯಾರೂ ತಟ್ಟೆ ನೋಡಿ ಬರೆದುಕೊಂಡಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕ ಹೀಗೆ ನಡೆಯುತ್ತದೆ: ದೇಶದಲ್ಲಿ ಬೆಳೆದದ್ದಕ್ಕೆ ಹೊರಗಿಂದ ತಂದದ್ದನ್ನು ಕೂಡುತ್ತಾರೆ. ಹೊರಗೆ ಕಳಿಸಿದ್ದನ್ನು ಕಳೆದು, ದಾಸ್ತಾನಿನ ಹೆಚ್ಚುಕಮ್ಮಿ ಸರಿ ಮಾಡುತ್ತಾರೆ. ಆಮೇಲೆ ಬೀಜಕ್ಕೆ, ದನ-ಕೋಳಿಗೆ, ಕಾರ್ಖಾನೆಗೆ ಹೋದದ್ದು, ಹಾಳಾದದ್ದು ಎಲ್ಲ ತೆಗೆಯುತ್ತಾರೆ. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸುತ್ತಾರೆ. ಮಲಾವಿಯಲ್ಲಿ ಅದು ತಲೆಗೆ ವರ್ಷಕ್ಕೆ 100 ಕಿಲೋ ದಾಟುತ್ತದೆ. ಭಾರತದಲ್ಲಿ 10 ಕಿಲೋ ಕೂಡ ಇಲ್ಲ. ಮನೆ ಬಾಗಿಲಿಗೆ ಬಂದ ಮೇಲೆ ಚೆಲ್ಲಿದ್ದು, ಸೀದದ್ದು ಎಲ್ಲ ಆ ಅಂಕಿಯೊಳಗೇ ಇರುತ್ತದೆ. ಒಂದು ಮನೆಯ ಕಣಜ ತುಂಬಿ, ಪಕ್ಕದ ಮನೆಯದು ಬರಿದಾಗಿದ್ದರೂ ಸರಾಸರಿ ಅಷ್ಟೇ ತೋರಿಸುತ್ತದೆ. ‘ತಲಾ ಬಳಕೆ’ ಎಂದು ಬರೆದರೆ ಅಷ್ಟನ್ನೂ ಪ್ರತಿಯೊಬ್ಬರೂ ಉಂಡರು ಎಂದಾಗುತ್ತದೆ. ಹಸಿವಿನ ಬಗ್ಗೆ ಬರೆಯುವಾಗ ಇದು ಸಣ್ಣ ತಪ್ಪಲ್ಲ.

ನನಗೆ ಹೊಳೆದದ್ದು ‘ಒದಗು’. ‘ಒದಗಿಸು’ ಅಲ್ಲ, ‘ಒದಗು’. ಒದಗಿಸಲು ಇನ್ನೊಬ್ಬರು ಬೇಕು. ಒದಗಲು ಬೇಡ. ಸ್ವಂತ ಹೊಲದ್ದಾಗಲಿ, ಸಂತೆಯದ್ದಾಗಲಿ, ನೆರವಿನದ್ದಾಗಲಿ, ಕೈಗೆ ಬಂದರೆ ಸಾಕು, ಒದಗಿತು. ‘ಊಟಕ್ಕೆ ಒದಗಿದ ಮೆಕ್ಕೆಜೋಳ’ ಎಂದರೆ ಮೇಲಿನ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಒಂದೇ ಅಳುಕು. ನಮ್ಮ ಹಾಸನದ ಕಡೆ ‘ಹಳೇ ಅಕ್ಕಿ ಒದಗುತ್ತೆ’ ಅಂತಾರೆ. ಅಳತೆ ಅದೇ ಇದ್ದರೂ ಅನ್ನ ಜಾಸ್ತಿ ಆಗುತ್ತದೆ ಅಂತ ಅರ್ಥ. ಅದಕ್ಕೇ ‘ಊಟಕ್ಕೆ’ ಅನ್ನುವುದನ್ನು ಬಿಡದೆ ಸೇರಿಸುತ್ತೇನೆ. ಪಟ್ಟಿಯ ತಲೆಬರಹಕ್ಕೆ ಉದ್ದವಾದರೆ ‘ಊಟದ ಪಾಲು’, ‘ಬೀಜದ ಪಾಲು’, ‘ಮೇವಿನ ಪಾಲು’ ಅನ್ನಬಹುದು. ರೈತರ ಮನೆಗಳಲ್ಲಿ ಕಣದಲ್ಲೇ ಹೀಗೆ ಬೇರೆ ಮಾಡುತ್ತಿದ್ದರು, ಹಾಗಾಗಿ ಹೊಸದೇನೂ ಅನ್ನಿಸುವುದಿಲ್ಲ. ‘ಪೂರೈಕೆ’ಯನ್ನು ನಿಜವಾಗಿ ಪೂರೈಸಿದ ಕಡೆಗೆ ಉಳಿಸಿಕೊಳ್ಳುತ್ತೇನೆ. 2016ರ ಬರದಲ್ಲಿ ಅಲ್ಲಿ 65 ಲಕ್ಷ ಜನಕ್ಕೆ ನೆರವು ಬೇಕಾಗಿತ್ತು. ಆಗ ಲಾರಿಗಳಲ್ಲಿ ಬಂದ ಮೆಕ್ಕೆಜೋಳ ಪೂರೈಕೆಯೇ.

‘ಟ್ರೆಂಡ್’ಗೆ ಪತ್ರಿಕೆಗಳು ‘ಪ್ರವೃತ್ತಿ’ ಎಂದು ಬರೆಯುತ್ತವೆ. ನನಗೆ ಅದು ಮನುಷ್ಯರ ಸ್ವಭಾವದ ಮಾತಿನಂತೆ ಕೇಳುತ್ತದೆ. ಫಸಲಿಗೆ ‘ಏರಿಳಿತ’ ಚೆನ್ನಾಗಿ ಹೊಂದುತ್ತದೆ. 2002ರಲ್ಲಿ ಘೋರ ಹಸಿವು. 2005-06ರ ಹಂಗಾಮಿನಿಂದ ಸರ್ಕಾರ ಗೊಬ್ಬರ, ಬೀಜವನ್ನು ಅಗ್ಗದಲ್ಲಿ ಕೊಟ್ಟಿತು. 2007ರಲ್ಲಿ ಜಿಂಬಾಬ್ವೆಗೆ ರಫ್ತು ಮಾಡುವಷ್ಟು ಬೆಳೆ ಬಂತು. 2024ರ ಮಾರ್ಚಿನಲ್ಲಿ ಮತ್ತೆ ಬರ, 28 ಜಿಲ್ಲೆಗಳಲ್ಲಿ 23ರಲ್ಲಿ ವಿಪತ್ತು ಘೋಷಣೆ. ಆದರೆ ಫಸಲು ಕುಸಿದಷ್ಟು ಊಟದ ಪಾಲು ಕುಸಿಯುವುದಿಲ್ಲ. ನಡುವೆ ದಾಸ್ತಾನು, ಆಮದು ಕೈ ಹಿಡಿಯುತ್ತವೆ. ಹಾಗಾಗಿ ಊಟದ ಪಾಲಿನ ‘ಟ್ರೆಂಡ್’ಗೆ ‘ವರ್ಷಗಳ ಜಾಡು’ ಅನ್ನೋಣ ಅಂದುಕೊಂಡಿದ್ದೇನೆ.

ಇನ್ನು ಕಾಳಿನ ಹೆಸರು. ಹಾವೇರಿ, ಧಾರವಾಡದ ಕಡೆ ಗೋವಿನಜೋಳ. ದಾವಣಗೆರೆಯಲ್ಲಿ ಮೆಕ್ಕೆಜೋಳ. ನಮ್ಮ ಕಡೆ ಮುಸುಕಿನ ಜೋಳ. ತೆಲುಗಿನ ಮೊಕ್ಕಜೊನ್ನ, ತಮಿಳಿನ ಮಕ್ಕಾಚ್ಚೋಳಂ ನೋಡಿದರೂ ಅಷ್ಟೇ, ಎಲ್ಲರೂ ಇದನ್ನು ಜೋಳದ ನೆಂಟ ಅಂತಲೇ ಕರೆದಿದ್ದೇವೆ. ಮಲಾವಿಯವರ ಚಿಚೆವಾ ಮಾತಿನಲ್ಲಿ ನಮ್ಮ ಬಿಳಿಜೋಳ ‘ಮಪಿರಾ’, ಮೆಕ್ಕೆಜೋಳ ‘ಚಿಮಂಗಾ’. ಎರಡಕ್ಕೂ ನಂಟೇ ಇಲ್ಲ. ‘ಚಿಮಂಗಾ ನ್ದಿ ಮೊಯೊ’, ಅಂದರೆ ಮೆಕ್ಕೆಜೋಳವೇ ಜೀವ ಅನ್ನುತ್ತಾರೆ. ಇಲ್ಲಿ ‘ಗೋವಿನಜೋಳವೇ ಜೀವ’ ಎಂದು ಬರೆಯಲು ನನಗೆ ಕೈ ಬರಲಿಲ್ಲ. ಒಮ್ಮೆ ರಾಣೆಬೆನ್ನೂರಿನ ಹತ್ತಿರ ರಸ್ತೆ ಬದಿ ಹಳದಿ ಕಾಳು ಹರವಿ ಒಣಗಿಸುತ್ತಿದ್ದ ಅಮ್ಮ ಒಬ್ಬರನ್ನು ‘ಇದರಲ್ಲಿ ರೊಟ್ಟಿ ಮಾಡ್ತೀರಾ?’ ಅಂತ ಕೇಳಿದ್ದೆ. ‘ಇಲ್ರಿ, ಇದು ಕೋಳಿಗೆ ಹೋಗ್ತದ. ನಮಗ ಬಿಳಿಜೋಳ’ ಅಂದಿದ್ದರು. ಮಲಾವಿಯವರು ಉಣ್ಣುವುದು ಬಿಳಿ ಮೆಕ್ಕೆಜೋಳ. ಹಳದಿಯದು ಅವರಿಗೂ ಅಷ್ಟಾಗಿ ಹಿಡಿಸುವುದಿಲ್ಲ. ಹಾಗಾಗಿ ‘ಮೆಕ್ಕೆಜೋಳ’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಬಿಳಿ’ ಸೇರಿಸಿದ್ದೇನೆ.

ಅವರ ‘ನ್ಸಿಮಾ’ಗೆ ಮಾತ್ರ ಕಷ್ಟವಾಗಲಿಲ್ಲ. ಬಿಸಿನೀರಿಗೆ ಹಿಟ್ಟು ಹಾಕಿ ಗಂಜಿ ಕಾಯಿಸುತ್ತಾರೆ. ಅದು ಕುದಿ ಬಂದ ಮೇಲೆ ಇನ್ನಷ್ಟು ಹಿಟ್ಟು ಸುರಿದು ಮರದ ಕೋಲಿನಿಂದ ಗಟ್ಟಿಯಾಗುವ ತನಕ ತಿರುವುತ್ತಾರೆ. ಮುದ್ದೆ ಅಂದರೆ ಮುಗಿಯಿತು.

ತೊಡಕಾಗಿರುವುದು ‘ಮಡೆಯಾ’. ಹಿಟ್ಟು ಬೆಳ್ಳಗೆ ಬರಲೆಂದು ಕಾಳಿನ ಸಿಪ್ಪೆ ತೆಗೆದಾಗ ಉಳಿಯುವುದು ಅದು. ಒಳ್ಳೆಯ ವರ್ಷ ಕೋಳಿ, ಹಂದಿಗೆ ಹೋಗುತ್ತದೆ. 2002ರ ಆ ತಿಂಗಳುಗಳಲ್ಲಿ ಜನ ಅದನ್ನೇ ಬೇಯಿಸಿ ತಿಂದರು. ಮೇವಿನ ಪಾಲೇ ಊಟದ ಪಾಲಾಯಿತು. ‘ತೌಡು’ ಅಂದರೆ ಭತ್ತ ನೆನಪಾಗುತ್ತದೆ, ‘ಬೂಸಾ’ ಅಂದರೆ ಗೋಧಿ. ಹಾವೇರಿ, ದಾವಣಗೆರೆ ಕಡೆಯವರು ಇಲ್ಲಿ ಇದ್ದೀರಲ್ಲ, ನಿಮ್ಮೂರ ಗಿರಣಿಯಲ್ಲಿ ಮೆಕ್ಕೆಜೋಳ ಒಡೆಸಿದಾಗ ಬರುವ ಆ ಸಿಪ್ಪೆಗೆ ಏನನ್ನುತ್ತೀರಿ? ‘ಒದಗು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದನ್ನೂ ದಯವಿಟ್ಟು ತಿಳಿಸಿ.