ಅಪ್‌ಡೇಟ್: ಕೊನೆಗೂ ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋ ದೂರದರ್ಶಕ) ತಗೊಂಡೆ

ಕೆರೆ ಹಕ್ಕಿ ನೋಡೋಕೂ ಆಗಬೇಕು, ಬೆನ್ನಿಗೆ ಹಾಕ್ಕೊಂಡು ಬೆಟ್ಟ ಹತ್ತೋಕೂ ಆಗಬೇಕು, ಮುಂದಿನ ಲೆನ್ಸ್ 65 ಮಿ.ಮೀ. ಅಗಲದ್ದು ಒಳ್ಳೇದಾ 80ರದ್ದು ಒಳ್ಳೇದಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. 65ರದ್ದೇ ತಗೊಂಡೆ, ಇಡಿ (ED) ಗ್ಲಾಸ್, ಅಂದ್ರೆ ಚಿತ್ರದ ಅಂಚಲ್ಲಿ ಬಣ್ಣ ಚದುರೋದನ್ನ ಕಡಿಮೆ ಮಾಡೋ ಗಾಜು, ಐಪೀಸ್ (ಕಣ್ಣಿಟ್ಟು ನೋಡೋ ಭಾಗ) ಓರೆಯಾಗಿರೋದು.

ಮೊದಲು ಹೋಗಿದ್ದು ಮೈಸೂರು ಹತ್ತಿರದ ಹದಿನಾರು ಅನ್ನೋ ಊರಿನ ಕೆರೆಗೆ. ಆಚೆ ದಡದಲ್ಲಿ ಪಟ್ಟೆತಲೆ ಹೆಬ್ಬಾತುಗಳು. ಬೈನಾಕ್ಯುಲರ್‌ನಲ್ಲಿ ಬರೀ ಬೂದು ಗುಂಪು. ಸ್ಕೋಪ್‌ನಲ್ಲಿ 25 ಪಟ್ಟು ಇಟ್ಟೆ ನೋಡಿ, ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕಿನ ತುದಿಯ ಕಪ್ಪು, ಎಲ್ಲಾ ಸ್ಪಷ್ಟ! ತುಂಬಾ ಖುಷಿಯಾಯ್ತು.

60 ಪಟ್ಟು ಜೂಮ್ ಇದೆ ಅಂತ ಮಾತ್ರ ಯಾರೂ ಸ್ಕೋಪ್ ಆರಿಸಬೇಡಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿಗೆ ಚಿತ್ರ ನಡುಗುತ್ತೆ, ಎಷ್ಟು ದುಡ್ಡು ಕೊಟ್ಟ ಗ್ಲಾಸಾದ್ರೂ ಅಷ್ಟೇ. ಬೆಳಕಿನ ಲೆಕ್ಕವೂ ಇದೆ: ಲೆನ್ಸಿನ ಅಗಲ 65ನ್ನು ಜೂಮ್ 20ರಿಂದ ಭಾಗಿಸಿದ್ರೆ ಕಣ್ಣಿಗೆ ಬರೋ ಬೆಳಕಿನ ವೃತ್ತ 3 ಮಿ.ಮೀ. ದಾಟುತ್ತೆ, 60ರಿಂದ ಭಾಗಿಸಿದ್ರೆ 1 ಮಿ.ಮೀ. ಚಿಲ್ಲರೆ. ಸಂಜೆ ಹೊತ್ತು ಕತ್ತಲೆ ಕತ್ತಲೆ ಕಾಣೋದು ಅದಕ್ಕೇ.

ಓರೆ ಐಪೀಸ್ ಬೆಲೆ ಗೊತ್ತಾಗಿದ್ದು ಕೊಕ್ಕರೆಬೆಳ್ಳೂರಲ್ಲಿ. ಹುಣಸೆಮರದ ಮೇಲಿನ ಹೆಜ್ಜಾರ್ಲೆ ಗೂಡು ನೋಡೋಕೆ ಕತ್ತು ನೋಯಿಸ್ಕೋಬೇಕಿಲ್ಲ. ಟ್ರೈಪಾಡ್ ತಗ್ಗಿಸಿಟ್ಟಿದ್ರಿಂದ ಅಮ್ಮನೂ ಹಾಗೇ ಬಗ್ಗಿ ನೋಡಿದ್ರು.

ಟ್ರೈಪಾಡ್ ಕಾರ್ಬನ್ ಫೈಬರ್‌ದು. ಹಗುರ ಇದೆ, ಆದ್ರೆ ಗಾಳಿ ಬಂದ್ರೆ ಅಲ್ಲಾಡುತ್ತೆ, ನಡುಗಂಬಕ್ಕೆ ಬ್ಯಾಗ್ ನೇತುಹಾಕ್ತೀನಿ. ಬೆಟ್ಟ ಹತ್ತೋದೇ ಮುಖ್ಯ ಅನ್ನೋರು 50 ಮಿ.ಮೀ. ನೋಡಿ, ಅದಕ್ಕೆ ಇನ್ನೂ ಚಿಕ್ಕ ಟ್ರೈಪಾಡ್ ಸಾಕು.